ಹೆಸರಿಲ್ಲದ ಗುಳಿಗೆ

ಭತ್ತದ ನಾಟಿ, ಹತ್ತಿ ಬಿಡಿಸುವ ಕೆಲಸ ಶುರುವಾಯಿತೆಂದರೆ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂಥ ಊರುಗಳಲ್ಲಿ ಮೈಕೈ ನೋವಿನ ಗುಳಿಗೆಗೂ ಸುಗ್ಗಿ. ದಿನವಿಡೀ ಬಗ್ಗಿ ದುಡಿದ ಹೆಣ್ಣುಮಗಳು ಸಂಜೆ ಅಂಗಡಿ ಮುಂದೆ ನಿಂತು ‘ನಡ ಭಾಳ ನೂಸ್ತದ, ಒಂದ್ ಗುಳಿಗಿ ಕೊಡ್ರಿ’ ಎನ್ನುತ್ತಾಳೆ. ಹಿಂದೆ ಯಾವುದಾದರೂ ಗುಳಿಗೆ ಮೈಗೆ ಆಗಿಬರದೇ ಇತ್ತೇ ಎಂದು ಕೇಳುವವರಿಲ್ಲ. ಪಟ್ಟಿಯಿಂದ ಎರಡು ಗುಳಿಗೆ ಕತ್ತರಿಸಿ ಕೊಟ್ಟರೆ ವ್ಯವಹಾರ ಮುಗಿಯಿತು. ಔಷಧದ ಹೆಸರು ಅಂಗಡಿಯಲ್ಲಿ ಉಳಿದ ಪಟ್ಟಿಯ ಮೇಲೆಯೇ ಉಳಿಯುತ್ತದೆ.

ಅಪಾಯ ಇರುವುದು ಇಲ್ಲಿಯೇ. ನೋವಿನ ಗುಳಿಗೆ ಒಗ್ಗದ ಕೆಲವರಿಗೆ ತುಟಿ, ಕೈ ಅಥವಾ ಗುಪ್ತಾಂಗದ ಮೇಲೆ ದುಂಡನೆಯ ಕಪ್ಪು ಮಚ್ಚೆ ಏಳುತ್ತದೆ. ಅದು ಮಾಗಿ ಕಲೆ ಉಳಿಯುತ್ತದೆ. ಅದೇ ಔಷಧ ಮತ್ತೆ ಹೊಟ್ಟೆಗೆ ಹೋದರೆ ಅದೇ ಜಾಗದಲ್ಲಿ ಮತ್ತೆ ಕೆರಳುತ್ತದೆ. ಮನೆಯವರು ‘ಗುಳಿಗಿ ಹೀಟ್ ಆಗ್ಯಾದ’ ಎಂದು ಮಜ್ಜಿಗೆ ಕುಡಿಸುತ್ತಾರೆ. ಮುಂದಿನ ನೋವಿಗೆ ಇನ್ನೊಂದು ಕಂಪನಿಯ, ಇನ್ನೊಂದು ಬಣ್ಣದ ಗುಳಿಗೆ ಬರುತ್ತದೆ. ಒಳಗಿನ ಔಷಧ ಮಾತ್ರ ಹಳೆಯದೇ.

ಎಲ್ಲರದೂ ಮಚ್ಚೆಯಲ್ಲಿ ಮುಗಿಯುವುದಿಲ್ಲ. ಮುಟ್ಟಿನ ನೋವಿಗೆ ಮನೆಮನೆಯಲ್ಲಿ ನುಂಗುವ ಮೆಫೆನಾಮಿಕ್ ಆಮ್ಲದ ಬಗ್ಗೆ ಭಾರತೀಯ ಔಷಧಕೋಶ ಆಯೋಗ 2023ರ ನವೆಂಬರ್ ಕೊನೆಯಲ್ಲಿ ಎಚ್ಚರಿಕೆ ಹೊರಡಿಸಿತು. ಅದರಿಂದ ‘ಡ್ರೆಸ್’ ಎಂಬ ತೀವ್ರ ಅಲರ್ಜಿ ಬರಬಹುದು: ಜ್ವರ, ಮೈತುಂಬ ದದ್ದು, ಗ್ರಂಥಿಗಳ ಊತ, ಯಕೃತ್ತಿಗೂ ಪೆಟ್ಟು. ಗುಳಿಗೆ ಶುರುಮಾಡಿ ಎರಡರಿಂದ ಎಂಟು ವಾರಗಳ ನಡುವೆ ಇದು ಕಾಣಿಸಿಕೊಳ್ಳುವುದರಿಂದ ಎಷ್ಟೋ ಜನ ಗುಳಿಗೆಯನ್ನು ಶಂಕಿಸುವುದೇ ಇಲ್ಲ. ಇನ್ನೂ ಅಪರೂಪದ, ಜೀವಕ್ಕೇ ಎರವಾಗುವ ಸ್ಟೀವನ್ಸ್–ಜಾನ್ಸನ್ ಕಾಯಿಲೆಯಲ್ಲಿ ಬಾಯಿ ಕಣ್ಣು ಹುಣ್ಣಾಗಿ ಚರ್ಮ ಸುಲಿಯುತ್ತದೆ. ಪ್ಯಾರಾಸಿಟಮಾಲ್‌ನಿಂದಲೂ ತೀರಾ ಅಪರೂಪಕ್ಕೆ ಹೀಗಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2013ರಲ್ಲೇ ಹೇಳಿದ್ದಾರೆ. ರೋಗಿಯನ್ನು ಹೊತ್ತು ರಾಯಚೂರಿನ ರಿಮ್ಸ್‌ಗೆ ಓಡಿದಾಗ ವೈದ್ಯರ ಮೊದಲ ಪ್ರಶ್ನೆ ‘ಯಾವ ಗುಳಿಗೆ?’ ಉತ್ತರ: ‘ಬಿಳೀದು ರೀ.’

ಕಾನೂನಿಗೇನೂ ಬರವಿಲ್ಲ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಮೆಫೆನಾಮಿಕ್ ಆಮ್ಲ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಪರವಾನಗಿ ಇಲ್ಲದ ಕಿರಾಣಿ ಅಂಗಡಿಯಲ್ಲಿ ಪ್ಯಾರಾಸಿಟಮಾಲ್, ಆಸ್ಪಿರಿನ್ ಮಾರಲು ವಿನಾಯಿತಿ ಇರುವುದು ಸಾವಿರಕ್ಕಿಂತ ಹೆಚ್ಚು ಜನವಿಲ್ಲದ ಹಳ್ಳಿಗಳಿಗೆ ಮಾತ್ರ. ಹೋಬಳಿ ಊರುಗಳಿಗೆ ಅದು ಸಲ್ಲದು. ಇನ್ನು ಪದವಿಯಿಲ್ಲದೆ ಸೂಜಿ ಮಾಡುವವರು ಕಾಗದದಲ್ಲಿ ಕಟ್ಟಿಕೊಡುವ ಬಣ್ಣಬಣ್ಣದ ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಅಲರ್ಜಿಯೇ ಕೆಲಕಾಲ ಅಡಗಿ, ರೋಗ ಗುರುತಿಸುವುದು ಇನ್ನೂ ಕಷ್ಟ. ಇಂಥವರನ್ನು ತಡೆಯಲು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಿದೆ, ಜಿಲ್ಲಾಧಿಕಾರಿಯೇ ಅಧ್ಯಕ್ಷರಾದ ಪ್ರಾಧಿಕಾರವೂ ಇದೆ. ಸುದ್ದಿಯಾದ ವಾರ ದಾಳಿ ಮಾಡಿ, ಬೀಗ ಹಾಕಿ, ಮರೆತುಬಿಡುವುದನ್ನು ಆಡಳಿತ ಎನ್ನಲಾಗದು.

ಕೂಲಿ ಬಿಟ್ಟು ದವಾಖಾನೆಗೆ ಹೋದರೆ ಅಂದಿನ ದುಡ್ಡು ಹೋಯಿತು. ಅಂಗಡಿಯ ಗುಳಿಗೆ ಅಗ್ಗ. ದುಡಿಯುವವರನ್ನು ದೂರಿ ಫಲವಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಸುಗ್ಗಿ ದಿನಗಳಲ್ಲಾದರೂ ಸಂಜೆ ತೆರೆದಿರಲಿ. ಕತ್ತರಿಸಿದ ತುಂಡಿನ ಜೊತೆ ಔಷಧದ ಹೆಸರು ಬರೆದ ಬಿಲ್ ಕೊಡುವುದನ್ನು ಔಷಧ ನಿಯಂತ್ರಣ ಇಲಾಖೆ ಅಂಗಡಿ ಅಂಗಡಿಗೆ ಹೋಗಿ ಜಾರಿ ಮಾಡಲಿ. ಒಮ್ಮೆ ಅಲರ್ಜಿಯಾದವರ ಕೈಗೆ ಆ ಔಷಧದ ಹೆಸರನ್ನು ಕನ್ನಡದಲ್ಲಿ ಬರೆದ ಕಾರ್ಡ್ ಕೊಟ್ಟು ಕಳಿಸಲು ಎಷ್ಟು ಖರ್ಚಾದೀತು?

ಓದುಗರೇ, ಗುಳಿಗೆ ನುಂಗಿದ ಮೇಲೆ ದದ್ದು ಎದ್ದರೆ, ಮುಖ ಊದಿದರೆ, ಬಾಯಿ ಹುಣ್ಣಾದರೆ ಅದನ್ನು ಅಲ್ಲಿಗೇ ನಿಲ್ಲಿಸಿ. ಪಟ್ಟಿಯನ್ನು ಎಸೆಯದೆ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಔಷಧದ ಅಡ್ಡಪರಿಣಾಮವನ್ನು ಯಾರು ಬೇಕಾದರೂ 1800-180-3024ಕ್ಕೆ ಕರೆ ಮಾಡಿ ತಿಳಿಸಬಹುದು. ಕರೆ ಉಚಿತ.