ಡಬ್ಬಿಯೊಳಗಿನ ಚೀಟಿ ತಿಳಿಸಿ ಹೇಳುವವರು ಯಾರು?

ತೊಗರಿ ಹೂ ಬಿಡುವ ಕಾಲಕ್ಕೆ ಹುಮನಾಬಾದಿನ ಯಾವುದಾದರೂ ಗೊಬ್ಬರದ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ನೋಡಿ. 'ಸಾವ್ಕಾರ್ರ, ಈ ಎಣ್ಣಿ ಒಂದು ಟಾಕಿಗೆ ಎಷ್ಟು ಹಾಕಬೇಕ್ರಿ?' ಎಂದು ರೈತ ಕೇಳುತ್ತಾನೆ. ಉತ್ತರ ಡಬ್ಬಿಯೊಳಗಿನ ಚೀಟಿಯಲ್ಲಿದೆ. 1971ರ ಕೀಟನಾಶಕ ನಿಯಮಗಳಂತೆ ಆ ಚೀಟಿ ಇಂಗ್ಲಿಷ್, ಹಿಂದಿಯ ಜೊತೆಗೆ ಆಯಾ ಭಾಗದ ಭಾಷೆಯಲ್ಲೂ ಇರಬೇಕು. ಆದರೇನು? ಇರುವೆಯಂಥ ಅಕ್ಷರ, ನಿಘಂಟು ಬೇಡುವ ಕನ್ನಡ! ಕೊನೆಗೆ ಅಂಗಡಿಯವರು ಹೇಳಿದ್ದೇ ವೇದವಾಕ್ಯ. ಆ ಮಾತು ತಪ್ಪಿದರೆ ಬೆಳೆ ಸುಟ್ಟೀತು, ಹೊಡೆದವನು ಆಸ್ಪತ್ರೆ ಸೇರಿಯಾನು.

ಹಾಗಾದರೆ ಅಂಗಡಿಯವರಿಗೆ ಕಲಿಸುವವರು ಯಾರು? ಹೈದರಾಬಾದಿನ 'ಮ್ಯಾನೇಜ್' ಎಂಬ ಕೃಷಿ ವಿಸ್ತರಣಾ ಸಂಸ್ಥೆ 2003ರಲ್ಲಿ ಬೀಜ, ಗೊಬ್ಬರ, ಔಷಧ ಮಾರುವವರಿಗೆಂದೇ 'ದೇಸಿ' ಡಿಪ್ಲೊಮಾ ಶುರುಮಾಡಿತು. 48 ವಾರದ ಕಲಿಕೆ. 40 ದಿನ ಪಾಠ, 8 ದಿನ ಹೊಲದಲ್ಲಿ. ಅದೂ ಭಾನುವಾರ, ಇಲ್ಲವೇ ಪೇಟೆ ಬಂದ್ ಇರುವ ದಿನ. ಗಲ್ಲೆ ಬಿಟ್ಟು ಹೋಗಬೇಕಿಲ್ಲ!

ಈ ಪದ್ಧತಿ ಉಳಿದ ಕಸುಬಿನವರಿಗೆ ಯಾಕೆ ಬೇಡ? ಹುಮನಾಬಾದಿನಲ್ಲಿ ರಾಸಾಯನಿಕ ಕಾರ್ಖಾನೆಗಳಿವೆ. ಸೂಚನಾ ಫಲಕ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಸುರಕ್ಷತೆಯ ಕಾಗದ ಫೈಲಿನಲ್ಲಿ ಭದ್ರವಾಗಿದ್ದು ಡ್ರಮ್ ಎತ್ತುವವನಿಗೆ ತಿಳಿಯದಿದ್ದರೆ ಏನು ಬಂತು? ಬಸವಕಲ್ಯಾಣದ ಲಾರಿ ಗ್ಯಾರೇಜಿನ ಮೇಸ್ತ್ರಿಗೂ ಹೊಸ ಗಾಡಿಯ ಪುಸ್ತಕ ತಿಳಿಯುವಂತೆ ಇರಬೇಡವೇ?

ತಾಂತ್ರಿಕ ವಿಷಯವನ್ನು ತಿಳಿಯುವಂತೆ ಬರೆಯುವುದು, ಹೇಳುವುದು ಒಂದು ವಿದ್ಯೆ. ಅಮೆರಿಕದಲ್ಲಿ ಇದಕ್ಕೆ ಸ್ನಾತಕೋತ್ತರ ಪದವಿಯೇ ಉಂಟು, ನೌಕರಿ ಮಾಡುತ್ತಲೇ ಓದುವವರೂ ಉಂಟು. ನಮ್ಮಲ್ಲೂ 2023ರಲ್ಲಿ ಬೀದರ್ ವಿಶ್ವವಿದ್ಯಾಲಯ ಆರಂಭವಾಗಿದೆ. ಪದವಿ ಮುಗಿಸಿ ದುಡಿಯುತ್ತಿರುವ ಸೂಪರ್‌ವೈಸರು, ಮಾಸ್ತರು, ಕೃಷಿ ಇಲಾಖೆಯ ನೌಕರರಿಗೆ ಅದು ಭಾನುವಾರದ ಸ್ನಾತಕೋತ್ತರ ಡಿಪ್ಲೊಮಾ ತೆರೆಯಲಿ. ಪಾಠ ಹುಮನಾಬಾದ್, ಬಸವಕಲ್ಯಾಣದ ಕಾಲೇಜು ಕೋಣೆಗಳಲ್ಲೇ ನಡೆಯಲಿ, ಸಂಜೆ ಬಸ್ಸಿಗೆ ಮನೆ ಮುಟ್ಟುವಂತಿರಲಿ. ಕನ್ನಡದ ಜೊತೆಗೆ ಉರ್ದು, ಮರಾಠಿಯೂ ಇರಲಿ. ನಮ್ಮ ಪೇಟೆಯಲ್ಲಿ ಕೇಳುವ ಮಾತುಗಳೇ ಅವು. ಪರೀಕ್ಷೆ ಹ್ಯಾಂಗ್ರಿ ಅಂತೀರಾ? ವಿದ್ಯಾರ್ಥಿ ಬರೆದ ಚೀಟಿಯನ್ನು ಒಬ್ಬ ರೈತನ ಕೈಗೆ ಕೊಡಿ. ಅವನು ಓದಿ, ಯಾರನ್ನೂ ಕೇಳದೆ ಸರಿಯಾದ ಅಳತೆ ಹಾಕಿದರೆ ಪಾಸು, ಇಲ್ಲದಿದ್ದರೆ ನಪಾಸು.

ಕಾಯಕ ಬಿಡದೆ, ಜನರ ಮಾತಿನಲ್ಲೇ ದೊಡ್ಡ ವಿಷಯ ಹೇಳಿದ ಶರಣರ ಊರು ಬಸವಕಲ್ಯಾಣ. ಈ ಕೆಲಸ ಇಲ್ಲಿಂದಲೇ ಶುರುವಾದರೆ ತಪ್ಪೇನು? ವಿಶ್ವವಿದ್ಯಾಲಯದವರು ಗಮನಿಸುವರೇ?