ಮರಳಿ ಬಂದ ಸಿಪಾಯಿಗೆ ಊರೆಲ್ಲಿದೆ?

ಅಬೂ ಗರೀಬ್ ಸೆರೆಮನೆಯ ಚಿತ್ರಗಳು 2004ರಲ್ಲಿ ಬಯಲಾದಾಗ ನಾವೆಲ್ಲ ಅಮೆರಿಕದ ಸೈನಿಕರಿಗೆ ಹಿಡಿಶಾಪ ಹಾಕಿದೆವು. ಆ ಸಿಟ್ಟು ಸುಳ್ಳಲ್ಲ, ಇವತ್ತಿಗೂ ಆರಿಲ್ಲ. ಆದರೆ ಬೆತ್ತಲೆ ಮನುಷ್ಯರ ಪಕ್ಕದಲ್ಲಿ ನಗುತ್ತಾ ನಿಂತಿದ್ದವರು ಯಾರೆಂದು ನಮ್ಮಲ್ಲಿ ಎಷ್ಟು ಜನ ವಿಚಾರಿಸಿದೆವು? ಅವರಲ್ಲಿ ಹೆಚ್ಚಿನವರು ಪೂರ್ಣಾವಧಿ ಸೈನಿಕರೇ ಅಲ್ಲ. ಮೇರಿಲ್ಯಾಂಡ್ ರಾಜ್ಯದ ಕ್ರೆಸಪ್‌ಟೌನ್ ಎಂಬಲ್ಲಿನ ಮೀಸಲು ಪಡೆಯವರು, 372ನೇ ಮಿಲಿಟರಿ ಪೊಲೀಸ್ ಕಂಪನಿಯವರು. ಒಬ್ಬ ಊರಲ್ಲಿ ಜೈಲಿನ ಕಾವಲುಗಾರ, ಇನ್ನೊಬ್ಬಳು ಕೋಳಿ ಮಾಂಸದ ಕಾರ್ಖಾನೆಯಲ್ಲಿ ದುಡಿದವಳು.

ತಿಂಗಳಿಗೊಂದು ಶನಿವಾರ-ಭಾನುವಾರ, ವರ್ಷಕ್ಕೆ ಎರಡು ವಾರ ಕವಾಯತು. ಅಮೆರಿಕದ ನ್ಯಾಷನಲ್ ಗಾರ್ಡ್ ಮತ್ತು ಮೀಸಲು ಪಡೆಗಳ ಕರಾರು ಇಷ್ಟೇ ಎಂದು ಅವರು ನಂಬಿದ್ದರು. ಕಾಲೇಜಿನ ಫೀಸಿಗೆಂದು ಸೇರಿದ ಬಡವರ ಮಕ್ಕಳೂ ಅವರಲ್ಲಿದ್ದರು. 2005ರ ಹೊತ್ತಿಗೆ ಇರಾಕಿನಲ್ಲಿದ್ದ ಅಮೆರಿಕದ ಸೇನೆಯಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಇಂಥವರೇ. ಮಿನೆಸೋಟಾದ ಒಂದು ಗಾರ್ಡ್ ಬ್ರಿಗೇಡ್ 2007ರಲ್ಲಿ ಮನೆಗೆ ಹೊರಡುವ ಸಿದ್ಧತೆಯಲ್ಲಿದ್ದಾಗ ಅದರ ಅವಧಿಯನ್ನು ವಿಸ್ತರಿಸಿದರು. ಕೊನೆಗೆ ಅವರು ಇರಾಕಿನಲ್ಲಿ ಕಳೆದದ್ದು ಸುಮಾರು 16 ತಿಂಗಳು.

ಕಾಯಂ ಸೈನಿಕ ಹಿಂತಿರುಗುವುದು ಕಂಟೋನ್ಮೆಂಟಿಗೆ. ಅಲ್ಲಿ ಆಸ್ಪತ್ರೆಯಿದೆ, ಜೊತೆಗೆ ಹೋಗಿಬಂದ ಸಂಗಾತಿಗಳಿದ್ದಾರೆ. ಗಾರ್ಡಿನವನೋ ನೇರ ತನ್ನ ಗ್ಯಾರೇಜಿಗೆ, ಶಾಲೆಗೆ, ಹೊಲಕ್ಕೆ ಬರುತ್ತಾನೆ. ಕಳೆದ ತಿಂಗಳು ರಸ್ತೆಬದಿಯ ಕಸದ ರಾಶಿ ಕಂಡರೆ ಬಾಂಬೆಂದು ಬೆದರುತ್ತಿದ್ದವನು ಈ ತಿಂಗಳು ಅದೇ ಕಣ್ಣಿನಿಂದ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಬೇಕು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇರಾಕಿನಿಂದ ಮರಳಿದ 88,235 ಸೈನಿಕರನ್ನು ಪರೀಕ್ಷಿಸಿತ್ತು. ಮಾನಸಿಕ ಚಿಕಿತ್ಸೆ ಬೇಕಾದವರು ಕಾಯಂ ಸೈನಿಕರಲ್ಲಿ ಶೇ. 20.3, ಮೀಸಲು ಸೈನಿಕರಲ್ಲಿ ಶೇ. 42.4! ಮನೆಗೆ ಹೋಗುವ ಅವಸರದಲ್ಲಿ ಸೈನಿಕ ಏನೂ ಇಲ್ಲವೆಂದು ಫಾರಂ ತುಂಬುತ್ತಾನೆ, ನಾಲ್ಕಾರು ತಿಂಗಳ ನಂತರ ಕಾಯಿಲೆ ತಲೆಯೆತ್ತುತ್ತದೆ.

ದೇಶವೊಂದನ್ನು ಹಾಳುಗೆಡವಿ ಬಂದವರಿಗಾಗಿ ನಾವೇಕೆ ಮರುಗಬೇಕು ಎಂದು ನಮ್ಮ ಗೆಳೆಯರೇ ಕೇಳುತ್ತಾರೆ. ಮರುಗುವುದು ಬೇಡ ಸ್ವಾಮಿ, ಲೆಕ್ಕ ಕೇಳೋಣ. ಯುದ್ಧಕ್ಕೆ ಹೋದವನ ಗಾಯವನ್ನು ಅವನ ಹೆಂಡತಿ-ಮಕ್ಕಳ ಹೆಗಲಿಗೆ ಹೊರಿಸಿ ಕೈತೊಳೆದುಕೊಳ್ಳುವ ಪ್ರಭುತ್ವಕ್ಕೆ ಮುಂದಿನ ಯುದ್ಧ ಅಗ್ಗವಾಗಿ ಸಿಗುತ್ತದೆ.

ಆ ಸರ್ಕಾರ ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ಹೋದವನಿಗೆ ಹಳೆಯ ಕೆಲಸವನ್ನು ಮರಳಿ ಕೊಡಬೇಕೆಂಬ ಕಾನೂನು 1994ರಿಂದ ಇದೆ. ಮಿನೆಸೋಟಾದವರು ತಮ್ಮ ಸೈನಿಕರನ್ನು ಮರಳಿದ 30, 60, 90ನೇ ದಿನಗಳಲ್ಲಿ ಕುಟುಂಬ ಸಮೇತ ಕರೆಸಿ ಮಾತಾಡಿಸುವ ಪದ್ಧತಿ ತಂದರು. ಅದರ ಮಾದರಿಯಲ್ಲೇ 2008ರ ಆರಂಭದಲ್ಲಿ ಇಡೀ ದೇಶಕ್ಕೆ 'ಯೆಲ್ಲೋ ರಿಬ್ಬನ್' ಕಾರ್ಯಕ್ರಮ ಕಾಯ್ದೆಯಾಯಿತು. ಒಳ್ಳೆಯದೇ. ಆದರೆ ಎಲ್ಲ ಪ್ರಶ್ನೆಯೂ ಸಿಪಾಯಿಗೇ: ನಿದ್ದೆ ಬರುತ್ತದೆಯೇ? ಕುಡಿತ ಹೆಚ್ಚಾಯಿತೇ? ಅವನು ಕಂಡದ್ದನ್ನು ಕೇಳಿಸಿಕೊಳ್ಳಲು ಊರು ಸಿದ್ಧವಿದೆಯೇ ಎಂದು ಊರನ್ನು ಕೇಳುವವರು ಯಾರು?

ಸಿದ್ಧವಿಲ್ಲ ಎಂಬುದಕ್ಕೆ ಜೋ ಡಾರ್ಬಿ ಸಾಕ್ಷಿ. ಆತನೂ ಅದೇ 372ನೇ ಕಂಪನಿಯವನು. ಆ ಚಿತ್ರಗಳಿದ್ದ ಸಿ.ಡಿ.ಯನ್ನು 2004ರ ಜನವರಿಯಲ್ಲಿ ತನಿಖಾಧಿಕಾರಿಗಳಿಗೆ ಮುಟ್ಟಿಸಿದವನು. ನಮ್ಮ ಉರ್ದುವಿನಲ್ಲಿ ಜಮೀರ್ ಎನ್ನುತ್ತೇವಲ್ಲ, ಅದು ಅವನನ್ನು ಸುಮ್ಮನಿರಗೊಡಲಿಲ್ಲ. ಹೆಸರು ಗುಟ್ಟಾಗಿರುತ್ತದೆಂದು ನಂಬಿದ್ದ. ಮೇ ತಿಂಗಳಲ್ಲಿ ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್ ಟಿ.ವಿ. ಕ್ಯಾಮೆರಾಗಳ ಮುಂದೆ, ಸಂಸತ್ತಿನ ವಿಚಾರಣೆಯಲ್ಲಿ, ಅವನ ಹೆಸರು ಹೇಳಿಬಿಟ್ಟರು. ಹೊಗಳಲೆಂದೇ ಹೇಳಿದರಂತೆ! ಊರಿನ ಕೆಲವರು ಅವನನ್ನು ದ್ರೋಹಿ ಎಂದರು. ಬೆದರಿಕೆಗಳು ಬಂದವು. ಸೇನೆಯೇ ಗಂಡಹೆಂಡಿರನ್ನು ಕಾವಲಿನಲ್ಲಿಟ್ಟು ಕಾಯಬೇಕಾಯಿತು. 2005ರಲ್ಲಿ ಕೆನಡಿ ಹೆಸರಿನ ಧೈರ್ಯದ ಪ್ರಶಸ್ತಿ ಬಂತು, ಆದರೆ ವಾಸಕ್ಕೆಂದು ಊರಿಗೆ ಮರಳಲಾಗಲಿಲ್ಲ. ಈತನನ್ನು ಯಾವ ಸಭೆಯಲ್ಲಿ ಕೂರಿಸಿ, ಯಾವ ವೈದ್ಯನಿಂದ ಸರಿಮಾಡಿಸುತ್ತೀರಿ? ಕಾಯಿಲೆ ಇದ್ದದ್ದು ಅವನಿಗೋ, ಊರಿಗೋ?

ಇನ್ನು ಆ ಸೆರೆಮನೆಯೊಳಗಿದ್ದವರಿಗೂ ಒಂದು ನಾಗರಿಕ ಬದುಕಿತ್ತು. ಅವರಲ್ಲಿ ಮೂವರು ಗುತ್ತಿಗೆ ಕಂಪನಿಯೊಂದರ ವಿರುದ್ಧ ಅಮೆರಿಕದ ನ್ಯಾಯಾಲಯದಲ್ಲಿ ಹೋರಾಡಿದರು. ಒಬ್ಬ ಶಾಲೆಯ ಮುಖ್ಯಸ್ಥ, ಒಬ್ಬ ಪತ್ರಕರ್ತ, ಇನ್ನೊಬ್ಬ ಹಣ್ಣು ಮಾರುವವ. ಮೊಕದ್ದಮೆ ಹೂಡಿದ್ದು 2008ರಲ್ಲಿ, ಜ್ಯೂರಿ ಅವರ ಪರ 4 ಕೋಟಿ 20 ಲಕ್ಷ ಡಾಲರ್ ಪರಿಹಾರದ ತೀರ್ಪಿತ್ತದ್ದು 2024ರ ನವೆಂಬರಿನಲ್ಲಿ. ಅವರನ್ನು 30ನೇ ದಿನವೂ ಯಾರೂ ಕರೆಯಲಿಲ್ಲ, 90ನೇ ದಿನವೂ ಕರೆಯಲಿಲ್ಲ.

ಸಿಪಾಯಿಯ ಮನಸ್ಸು ನೆಟ್ಟಗಾಗಬೇಕೆಂದು ನಿಜಕ್ಕೂ ಬಯಸುವವರು ಆ ಹಣ್ಣು ಮಾರುವವನ ಮಾತನ್ನೂ ಅದೇ ಸಭೆಯಲ್ಲಿ ಕೇಳಿಸಲಿ. ಡಾರ್ಬಿಯನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಲಿ. ಹಳದಿ ರಿಬ್ಬನ್ ಕಟ್ಟುವುದು ಆಮೇಲೂ ಇದ್ದೇ ಇದೆ.