ಗ್ಯಾರೇಜಿನಾಗ ತಾನ ಹತ್ತೋ ಲೈಟು ಶೋಕಿ ಅಲ್ರಿ

ಮೊದ್ಲ ಒಂದು ಮಾತು ಬಗೀಹರಿಸಿಬಿಡೂಣು. ಗ್ಯಾರೇಜ್ ಅಂದ್ರ ನಮ್ಮ ಕಡೆ ಗಾಡಿ ರಿಪೇರಿ ಅಂಗಡಿ. ನಾ ಹೇಳ್ಲಿಕ್ಕೆ ಹತ್ತಿದ್ದು ಅದಲ್ಲ. ಮನಿ ಕಟ್ಟಸೋ ಮುಂದ ಎಂಜಿನಿಯರ್ರು ನಕ್ಷಾದಾಗ ‘ಕಾರ್ ಪಾರ್ಕಿಂಗ್’ ಅಂತ ಬರದು, ಮುಂದ ಶಟರ್ ಇಲ್ಲಾ ಗ್ರಿಲ್ಲಿನ ಗೇಟು ಹಾಕಿ ಕೊಡ್ತಾರಲ್ಲ, ಆ ಜಾಗಾ. ಹೆಸರಿಗೆ ಕಾರಿಂದು. ಖರೇ ಅಂದ್ರ ಮನ್ಯಾಗ ಎಲ್ಲೂ ಹಿಡೀದ ಸಾಮಾನೆಲ್ಲಾ ಅಲ್ಲೇ ಇರೂದು. ಜ್ವಾಳದ ಚೀಲ, ಉಳ್ಳಾಗಡ್ಡಿ ಬುಟ್ಟಿ, ಹಳೇ ಕುರ್ಚಿ, ಮಾಪು, ಬಕೀಟು, ನೀರಿನ ಮೋಟರಿನ ಸ್ಟಾರ್ಟರು. ಭಾಳ ಮನ್ಯಾಗ ನೀರಿನ ಸಂಪೂ ಅದರ ಫರಸೀ ಕೆಳಗನ.

ಈ ಜಾಗಾಕ್ಕ ಮನಷಾ ಬಂದ್ರ ತಾನ ಹತ್ತೋ ಸೆನ್ಸರ್ ಲೈಟ್ ಹಚ್ಚಸೂಣು ಅಂತ ಒಬ್ಬ ಹೆಣಮಗಳು ಮನ್ಯಾಗ ಬಾಯಿ ತಗದು ನೋಡ್ಲಿ. "ಬಟನ್ ಒತ್ತಲಿಕ್ಕೂ ಬ್ಯಾಸರೇನು?" "ಅದೇನು ಹೊಟೇಲೇನು?" "ಇಷ್ಟ ವರ್ಷ ನಡೀಲಿಲ್ಲೇನು?" ಈ ಮೂರು ಮಾತು ಪ್ರತಿಯೊಂದು ಮನ್ಯಾಗೂ ಬರ್ತಾವ, ಯಾರೋ ಬರದು ಹಂಚಿದಂಗ. ಸ್ವಂತ ಮಕ್ಕಳೂ ನಗ್ತಾರ. ಕಾರಿನೊಳಗ ರಿವರ್ಸ್ ಕ್ಯಾಮರಾ ಕೂಡಿಸಿದಾಗ ಯಾರೂ ‘ಹೊಳ್ಳಿ ನೋಡ್ಲಿಕ್ಕೂ ಬ್ಯಾಸರೇನು’ ಅಂತ ಕೇಳಿಲ್ಲ, ಅದು ಮಾತ್ರ ನೆನಪಿರ್ಲಿ.

ಗ್ಯಾರೇಜಿಗೆ ಯಾರು ಎಷ್ಟ ಸಲ ಹೋಗ್ತಾರ ಅಂತ ಒಂದು ದಿನಾ ಎಣಸ್ರಿ. ಗಂಡಸರು ಮುಂಜಾನೆ ಒಮ್ಮೆ, ರಾತ್ರಿ ಒಮ್ಮೆ. ಅದೂ ಕಾರಿನ ಹೆಡ್‌ಲೈಟ್ ಹಚಗೊಂಡು. ಕಾರಿಗೆ ಅದರದ ದೀಪ ಅದ. ನಾವು ಹತ್ತು ಸಲ ಹೋಗ್ತೇವಿ, ಹತ್ತೂ ಸಲ ಎರಡೂ ಕೈ ತುಂಬಿರ್ತಾವ. ಒಂದ್ರಾಗ ಬಕೀಟು, ಇನ್ನೊಂದ್ರಾಗ ಒಣಗಿದ ಅರಿವಿ. ಬಟನ್ನಾ ಎಲ್ಲೆ? ಹಾಲಿನ ಬಾಗಲದ ಹಿಂದ, ಇಲ್ಲಾ ಕಾರಿನ ಆಚೀ ಗ್ವಾಡಿಗೆ. ಅಲ್ಲಿ ತನಕ ಹೋಗಬೇಕಂದ್ರ ಕತ್ತಲಿ ದಾಟಬೇಕು. ಕತ್ತಲಿ ದಾಟಿ ಆದ ಮ್ಯಾಲ ಲೈಟ್ ಯಾಕ್ ಬೇಕ್ರಿ? ಇನ್ನ ಬಲ್ಬ್ ಅಂದ್ರ ಬರೋಬ್ಬರಿ ಕಾರಿನ ನಡು ತಲಿ ಮ್ಯಾಲ. ಕಾರಿನ ಟಾಪು ಬೆಳಗತದ, ಮೂಲಿ ನೆಳ್ಳಾಗ ಇರ್ತದ. ಆ ಜಾಗಾ ಕಾರಿನ ಸಲುವಾಗಿ ಕಟ್ಟಿದ್ದು, ಅದರಾಗ ಓಡ್ಯಾಡೋರ ಸಲುವಾಗಿ ಅಲ್ಲ ಅನ್ನೂದಕ್ಕ ಇದಕಿಂತ ಸಾಕ್ಷಿ ಬ್ಯಾಡ.

ನಳಾ ಬರೋ ಊರಿನವರಿಗೆ ಹೇಳೂದ ಬ್ಯಾಡ. ನೀರು ಬರೂದು ನಾಲ್ಕು ದಿನಕ್ಕೊಮ್ಮೆ, ವಾರಕ್ಕೊಮ್ಮೆ. ಬಂದ್ರ ರಾತ್ರಿ ಎರಡಕ್ಕೂ ಬರ್ತದ. ಗಾಢ ನಿದ್ದಿಯಿಂದ ಎದ್ದು, ಕಣ್ಣು ಅರ್ಧಾ ತಗದು ಹೋಗಿ ಸಂಪಿನ ಮುಚ್ಚಳಾ ಎತ್ತಿ ನೀರು ಎಷ್ಟ ಏರೇದ ನೋಡೂದು ಯಾರ ಕೆಲಸಾ? ಮುಚ್ಚಳಾ ತಗದಿಟ್ಟ ಸಂಪು, ಮ್ಯಾಲ ಕತ್ತಲಿ. ಸಂಪಿನಾಗ ಬಿದ್ದು ಸಣ್ಣ ಹುಡುಗೂರು ಸತ್ತ ಸುದ್ದಿ ವರ್ಷಾ ಪೇಪರಿನಾಗ ಓದತೇವಿ, ಅಯ್ಯೋ ಅಂತೇವಿ, ಪೇಪರ್ ಮಡಿಚಿಡತೇವಿ. ಅಲ್ಲೆ ಒಂದು ಲೈಟ್ ಬೇಕು ಅಂದ್ರ ಶೋಕಿ ಆಗ್ತದ.

ಮಳಿಗಾಲದಾಗ ಹಾವು ಬ್ಯಾರೆ. ಇಲಿ ಇರೋ ಕಡೆ ಹಾವು ಬರ್ತದ, ಜ್ವಾಳದ ಚೀಲ ಇರೋ ಕಡೆ ಇಲಿ ಬರ್ತದ. ಕಟ್ಟಹಾವು ಅಡ್ಯಾಡೂದ ರಾತ್ರಿ, ಅದು ಕಡದ್ರ ಒಮ್ಮೊಮ್ಮೆ ಕಡದದ್ದೂ ಗೊತ್ತಾಗಂಗಿಲ್ಲ. 2024ರಾಗ ನಮ್ಮ ರಾಜ್ಯ ಸರಕಾರ ಹಾವು ಕಡಿಯೂದನ್ನ ದವಾಖಾನಿಯವರು ತಪ್ಪದ ವರದಿ ಮಾಡಬೇಕಾದ ಪಟ್ಟಿಯೊಳಗ ಸೇರಿಸೇದ. ಸರಕಾರಕ್ಕ ತಿಳೀತು, ಮನಿ ಹಿರ್ಯಾರಿಗೆ ತಿಳೀಬೇಕಾಗೇದ. ಒಂದು ಮಾತು ಮಾತ್ರ ತಪ್ಪು ತಿಳ್ಕೋಬ್ಯಾಡ್ರಿ: ಹಾವು ಬಂದ್ರ ಈ ಲೈಟ್ ಹತ್ತತದ ಅಂತ ಅಲ್ಲ. ಇದು ನೋಡೂದು ಓಡ್ಯಾಡೋ ಬಿಸಿ ಮೈಯನ್ನ. ಹಾವಿನ ಮೈ ತಣ್ಣಗ. ಲೈಟ್ ನಿಮ್ಮನ್ನ ನೋಡಿ ಹತ್ತತದ, ಹಾವನ್ನ ನೀವು ನೋಡಬೇಕು.

ಇನ್ನ ಅಂಗಡಿಯವರ ಮಾತಿಗೆ ಬರ್ತೇನಿ. ಅವರೂ ನನ್ನ ಪಾರ್ಟಿ ಅಲ್ಲ. "ಕರೆಂಟ್ ಭಾಳ ಉಳೀತದ ಮೇಡಂ" ಅಂತಾರ. ಎಷ್ಟ ಉಳೀತದ ಹೇಳ್ರಿ? 9 ವ್ಯಾಟಿನ ಎಲ್‌ಇಡಿ ಬಲ್ಬ್ ಸಂಜಿಯಿಂದ ಮುಂಜಾನಿ ತನಕ 12 ತಾಸು ಉರದ್ರ ದಿನಕ್ಕ 108 ವ್ಯಾಟ್-ಅವರ್. ತಿಂಗಳಿಗೆ ಮೂರೂ ಕಾಲು ಯುನಿಟ್. ಯುನಿಟ್ಟಿಗೆ ಆರು ರೂಪಾಯಿ ಹಿಡದ್ರ ಇಪ್ಪತ್ತು ರೂಪಾಯಿ ಒಳಗ. ಸೆನ್ಸರ್ ಬಲ್ಬಿಗೆ ನಾಲ್ಕನೂರು ಕೊಟ್ರ ಅದು ಹೊಳ್ಳಿ ಬರ್ಲಿಕ್ಕೆ ಒಂದೂವರಿ ವರ್ಷದ ಮ್ಯಾಲ ಬೇಕು. 2023ರಿಂದ ಗೃಹಜ್ಯೋತಿ ಬಂದ ಮ್ಯಾಲ ಬಿಲ್ಲ ಸೊನ್ನಿ ಬರೋ ಮನಿಗೆ ಅಷ್ಟೂ ಇಲ್ಲ. ಹಿಂಗಿದ್ದಾಗ ಉಳಿತಾಯದ ಕಥಿ ಹೇಳಿ ನಮಗ ಯಾಕ ಮಾರಬೇಕು? ಉಳಿತಾಯ ಅಂತ ಹೇಳಿದ್ರ ಮನಿ ಯಜಮಾನ್ರು ಒಪ್ಪತಾರ, ಹೆಂಡ್ತಿ ಎಡವತಾಳ ಅಂದ್ರ ಒಪ್ಪಂಗಿಲ್ಲ ಅಂತ ಅಂಗಡಿಯವಗೂ ಗೊತ್ತದ. ನನಗ ಸಿಟ್ಟು ಬರೂದು ಅಲ್ಲೇ. ಕಾಲು ಮುರದ್ರ ಆಗೋ ದವಾಖಾನಿ ಖರ್ಚು ಯಾರೂ ಯುನಿಟ್ಟಿನ್ಯಾಗ ಲೆಕ್ಕಾ ಮಾಡಂಗಿಲ್ಲ.

"ಹಂಗಾದ್ರ ರಾತ್ರಿ ಇಡೀ ಒಂದು ಝೀರೋ ಬಲ್ಬ್ ಹಚ್ಚಿಡ್ರಿ, ಸಾಕು" ಅನ್ನೋರಿಗೆ: ಹಳೇ ಝೀರೋ ಬಲ್ಬು ಹೆಸರಷ್ಟ ಝೀರೋ, ತಿನ್ನೂದು 15 ವ್ಯಾಟಿನ ಸನೇಕ. ಅದರ ಬೆಳಕಿನಾಗ ಪೈಪು ಯಾವುದು ಹಾವು ಯಾವುದು ತಿಳೀಬೇಕಲ್ಲ. ಕಳ್ಳರ ಮಾತು ನಾ ಆಡಂಗಿಲ್ಲ. ಲೈಟ್ ನೋಡಿ ಓಡಿ ಹೋಗೋ ಕಳ್ಳನ್ನ ನಂಬಿ ಕೀಲಿ ಹಾಕೂದು ಬಿಡಬ್ಯಾಡ್ರಿ, ಅಷ್ಟ.

ನಮ್ಮ ಮನ್ಯಾಗ ಇದು ಮೂರು ವರ್ಷದಿಂದ ಅದ. ಹಿಂಗಾಗಿ ಹಚ್ಚಸೋ ಮುಂದ ಏನು ನೋಡಬೇಕು ಅನ್ನೂದು ನನಗ ಗೊತ್ತದ. ಸೆನ್ಸರಿನಾಗ ಎರಡು ನಮೂನಿ. ಬಿಳೇ ಗುಳ್ಳಿಯಂಥಾ ಮೂತಿ ಇದ್ದದ್ದು ಪಿಐಆರ್, ಇದು ಬಿಸಿ ಮೈ ಅಲುಗಾಡೂದನ್ನ ನೋಡ್ತದ, ಕಾಜಿನ ಆಚೆ ಕಾಣಂಗಿಲ್ಲ. ಇನ್ನೊಂದು ರಡಾರ್ ಇದ್ದಂಗ, ಮೈಕ್ರೋವೇವ್ ಅಂತಾರ. ಅದು ಕಾಜು, ಪ್ಲಾಸ್ಟಿಕ್, ತೆಳು ಗ್ವಾಡಿ ದಾಟಿ ನೋಡ್ತದ, ರಸ್ತಾದಾಗ ಆಟೋ ಹೋದ್ರೂ ನಿಮ್ಮ ಗ್ಯಾರೇಜಿನಾಗ ಲೈಟ್ ಹತ್ತಬಹುದು. ಅಂಗಡಿಯವ ಹೇಳದಿದ್ರೂ ನೀವು ಕೇಳ್ರಿ, ಪಿಐಆರ್ ತಗೋರಿ. ಅದು ಅಡ್ಡ ಹಾದು ಹೋಗೋರನ್ನ ಲಗೂನ ಹಿಡೀತದ, ಎದುರು ನೆಟ್ಟಗ ಬರೋರನ್ನ ತಡಾ ಮಾಡಿ ಹಿಡೀತದ. ಹಿಂಗಾಗಿ ಬಾಗಲದ ಎದುರಿಗೆ ಬ್ಯಾಡ, ಮಗ್ಗಲ ಮೂಲಿಗೆ ಹಚ್ಚಸ್ರಿ. ಆ ಕಡೆ ಕಲಬುರ್ಗಿ ರಾಯಚೂರಿನವರಿಗೆ ಬ್ಯಾಸಗಿಯೊಳಗ ಇದರ ಕಣ್ಣು ಒಂದೀಟು ಮಂದ ಆಗ್ತದ. ಸುತ್ತಲಿನ ಕಾವು ಮೈ ಬಿಸಿ ಸನೇಕ ಬಂದ್ರ ಅದಕ್ಕ ನೀವು ಬ್ಯಾರೆ ಅಂತ ತಿಳಿಯಂಗಿಲ್ಲ.

ಹೋಲ್ಡರಿಗೆ ಹಾಕೋ ಸೆನ್ಸರ್ ಬಲ್ಬ್ ಆದ್ರ ವೈರಿಂಗ್ ಏನೂ ಬ್ಯಾಡ, ಬಟನ್ನಾ ಚಾಲೂ ಇಟ್ರ ಆತು. ಬ್ಯಾರೆ ಸೆನ್ಸರ್ ಕೂಡಸೋದಿದ್ರ ವೈರಿಂಗ್ ಮಾಡಾವಗ ನ್ಯೂಟ್ರಲ್ ಎಲ್ಲಿಂದ ತರ್ತೀಯಪಾ ಅಂತ ಮೊದ್ಲ ಕೇಳ್ರಿ. ಹಳೇ ಮನಿ ಬಟನ್ ಬೋರ್ಡಿನಾಗ ಭಾಳ ಕಡೆ ನ್ಯೂಟ್ರಲ್ ಇರಂಗಿಲ್ಲ, ಬಲ್ಬಿನ ಪಾಯಿಂಟಿಗೆ ಇರ್ತದ. ಇನ್ವರ್ಟರ್ ಲೈನಿಗೆ ಕೊಡಸ್ರಿ, ಕರೆಂಟ್ ಹೋದಾಗನ ಇದು ಬೇಕಾಗೂದು. ಹಳೇ ಟ್ಯೂಬ್‌ಲೈಟಿಗೆ ಹಚ್ಚಸಬ್ಯಾಡ್ರಿ, ಮತ್ತ ಮತ್ತ ಹತ್ತಿ ಆರಿ ಅದು ಲಗೂನ ಹೋಗ್ತದ. ಎಲ್‌ಇಡಿಗೆ ಆ ತ್ರಾಸಿಲ್ಲ.

ಸೆನ್ಸರಿನ ಮ್ಯಾಲ ಸಣ್ಣ ತಿರಗಣಿ ಇದ್ರ ಟೈಮ್ ಅನ್ನೋದನ್ನ ಮೂರ್ನಾಲ್ಕು ನಿಮಿಷಕ್ಕ ಇಡಸ್ರಿ. ವೈರಿಂಗಿನವರು ಹತ್ತು ಸೆಕೆಂಡಿಗೆ ಇಟ್ಟು, ಮುಂದ ಕೈ ಬೀಸಿ ತೋರಿಸಿ, ರೊಕ್ಕಾ ಇಸಗೊಂಡು ಹೋಗ್ತಾರ. ನೀವು ಸ್ಟಾರ್ಟರ್ ಮುಂದ ಸುಮ್ನ ನಿಂತ್ರ ಅದಕ್ಕ ನೀವು ಕಾಣಂಗಿಲ್ಲ, ಲೈಟ್ ಆರತದ. ಆಮ್ಯಾಲ ನೀವು ಗರುಡಗಂಬದ ಮುಂದ ಆರತಿ ಎತ್ತಿದಂಗ ಕೈ ಆಡಸಕೋತ ನಿಲ್ಲಬೇಕು. ಮನ್ಯಾಗಿನವರು "ನೋಡು, ನಾ ಅವತ್ತ ಹೇಳಿದ್ದೆ" ಅನ್ಲಿಕ್ಕೆ ಅದೊಂದು ಸಾಕು.

ಗ್ಯಾಸ್ ಸಿಲಿಂಡರ್ ಗ್ಯಾರೇಜಿನಾಗ ಇಡೋರು ಇದನ್ನ ಮಾತ್ರ ನೆಟ್ಟಗ ಓದ್ರಿ. ಅಡಗಿ ಗ್ಯಾಸು ಗಾಳಿಕಿಂತ ಭಾರ, ಸೋರಿದ್ರ ಕೆಳಗ ಕೂಡತದ, ಶಟರ್ ಹಾಕಿದ ಖೋಲ್ಯಾಗ ಹೊರಗ ಹೋಗ್ಲಿಕ್ಕೆ ದಾರಿ ಇರಂಗಿಲ್ಲ. ಗ್ಯಾಸಿನ ವಾಸನಿ ಬಂದ್ರ ಬಟನ್ ಮುಟ್ಟಬ್ಯಾಡ್ರಿ ಅಂತ ನಮಗೆಲ್ಲಾ ಗೊತ್ತು. ಸೆನ್ಸರಿಗೆ ಯಾರು ಹೇಳಬೇಕು? ಅದಕ್ಕ ವಾಸನಿ ಬರಂಗಿಲ್ಲ, ನೀವು ಕಾಲು ಇಟ್ಟ ಕೂಡ್ಲೆ ಅದು ತಾನ ಬಟನ್ ಒತ್ತಿದಂಗ. ಸೆನ್ಸರ್ ಬೇಕಂದ್ರ ತುಂಬಿದ ಸಿಲಿಂಡರ್ ಅಲ್ಲಿಂದ ತಗೀರಿ, ಗಾಳಿ ಆಡೋ ಕಡೆ ನೆಟ್ಟಗ ನಿಲ್ಲಸ್ರಿ. ತಗಿಯೋಹಂಗಿಲ್ಲ ಅಂದ್ರ ಸೆನ್ಸರ್ ಬ್ಯಾಡ. ಆಗ ಬಟನ್ನನ್ನ ಗ್ಯಾರೇಜಿನ ಹೊರಗ, ನೀವು ಒಳಗ ಹೋಗೋ ಬಾಗಲದ ಸನೇಕ, ಮೊಣಕೈಲೆ ಒತ್ತೋವಷ್ಟು ಎತ್ತರಕ್ಕ ತರಸ್ರಿ. ಯಾರರ ‘ಇದೂ ಶೋಕಿ’ ಅಂದ್ರ ರಾತ್ರಿ ಎರಡಕ್ಕ ನಳಾ ಬಂದಾಗ ಅವರನ್ನ ಎಬ್ಬಿಸಿ ಕಳಸ್ರಿ.